ಅಗ್ಗದ ನೀಲಿ ಇಂಕು, ಜಿಪುಣ ಪೆನ್ನು

ಅಗ್ಗದ ಇಂಕು ಹಾಕಿದರೆ ಪೆನ್ನು ಹಾಳಾಗುತ್ತದೆ ಎಂಬ ಮಾತು ಕೇಳಿ ಕೇಳಿ ಸಾಕಾಗಿತ್ತು. ಅದಕ್ಕೇ ಈ ಸಲ ಸಿಕ್ಕಿದ್ದರಲ್ಲೇ ಅಗ್ಗದ ನೀಲಿ ಇಂಕು ತಂದು ಎರಡು ಪೆನ್ನಿಗೆ ತುಂಬಿದೆ. ಸಣ್ಣ ನಿಬ್ಬಿನ ಪೆನ್ನು ಎರಡು ಸಾಲು ಬರೆದು ಮುಷ್ಕರ ಹೂಡಿತು. ಗೆರೆ ಪೇಲವ, ನಡುನಡುವೆ ಖಾಲಿ. ದಪ್ಪ ನಿಬ್ಬಿನ ಹಳೇ ಪೆನ್ನು ಅದೇ ಇಂಕಿನಲ್ಲಿ, ಅದೇ ಕಾಗದದ ಮೇಲೆ ಸರಾಗವಾಗಿ ಓಡಿತು. ಇಂಕು ಕೆಟ್ಟದ್ದಾಗಿದ್ದರೆ ಎರಡೂ ಕೈಕೊಡಬೇಕಿತ್ತು, ಅಲ್ವಾ?

ಇಂಕು ಸುಮ್ನೆ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿದ್ದರೆ ನಿಬ್ಬು ಕೆಳಗೆ ಮಾಡಿ ಹಿಡಿದ ತಕ್ಷಣ ಎಲ್ಲ ಸುರಿದುಹೋಗಬೇಕಿತ್ತು. ನಿಜವಾಗಿ ಇಂಕನ್ನು ಎಳೆಯುವುದು ಕಿರಿದಾದ ಸಂದುಗಳು. ಬತ್ತಿ ಎಣ್ಣೆ ಹೀರುವುದೂ ಹೀಗೆಯೇ. ನಿಬ್ಬಿನ ಕೆಳಗೆ ನಾಲಿಗೆಯಂಥ ಒಂದು ತುಂಡು ಇರುತ್ತದಲ್ಲ, ಅದರಲ್ಲಿ ಸಣ್ಣ ಕಾಲುವೆ. ನಿಬ್ಬಿನ ಸೀಳು ಅದಕ್ಕಿಂತ ಸಣ್ಣದು. ಕಾಗದದ ನಾರುಗಳ ಸಂದು ಇನ್ನೂ ಸಣ್ಣದು. ಸಂದು ಕಿರಿದಾದಷ್ಟೂ ಎಳೆತ ಜಾಸ್ತಿ. ಹಾಗಾಗಿ ಇಂಕು ಕೈಯಿಂದ ಕೈಗೆ ದಾಟುತ್ತಾ ಕಾಗದ ಸೇರುತ್ತದೆ.

ಆದರೆ ನನಗೆ ನಿಜಕ್ಕೂ ಖುಷಿ ಕೊಡುವುದು ಗಾಳಿಯ ಕಥೆ. ಒಂದು ಹನಿ ಇಂಕು ಹೊರಗೆ ಹೋದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಕಿರಿದಾದ ಬಾಯಿಯ ಬಾಟಲಿ ಬಗ್ಗಿಸಿದರೆ ನೀರು ಗುಳುಗುಳು ಎಂದು ತಡೆತಡೆದು ಬರುವುದು ಇದಕ್ಕೇ. ಒಂದೇ ಗಾಡಿ ಹಿಡಿಸುವ ಸೇತುವೆಯ ಮೇಲೆ ಎರಡೂ ಕಡೆಯಿಂದ ಗಾಡಿ ಬಂದ ಹಾಗೆ. ಪೆನ್ನಿನಲ್ಲಂತೂ ಗಾಳಿ ಬರುವ ದಾರಿಗೆ ಇಂಕಿನದೇ ಒಂದು ಪೊರೆ ಅಡ್ಡ ನಿಂತಿರುತ್ತದೆ, ಮೊಂಡು ಕಾವಲುಗಾರನಂತೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಬರುವ ಬಿಗಿ ಇದು. ಇದೇ ಮೇಲ್ಮೈ ಎಳೆತ. ಬಿಗಿ ಜಾಸ್ತಿಯಾದಷ್ಟೂ ಗುಳ್ಳೆ ಒಳನುಗ್ಗುವುದು ಕಷ್ಟ. ಗಾಳಿ ಬರಲಿಲ್ಲ ಅಂದರೆ ಇಂಕೂ ಇಲ್ಲ. ಸಾಲದ್ದಕ್ಕೆ ಅಂಥ ಇಂಕು ಪ್ಲಾಸ್ಟಿಕ್ ನಾಲಿಗೆಗೆ ಸರಿಯಾಗಿ ಅಂಟುವುದೂ ಇಲ್ಲ. ಮೇಣದ ಮೇಲಿನ ನೀರಿನಂತೆ ಮುದುಡಿಕೊಳ್ಳುತ್ತದೆ. ಅದಕ್ಕೇ ತಯಾರಕರು ಈ ಬಿಗಿ ಸಡಿಲಿಸಲು ಇಂಕಿಗೆ ಸೋಪಿನ ಗುಣದ ಪದಾರ್ಥವನ್ನು ಚೂರು ಸೇರಿಸುತ್ತಾರೆ.

ಗಾಳಿ ಮತ್ತು ಇಂಕು ಎದುರುಬದುರು ಓಡಾಡುವ ಈ ಸಮಸ್ಯೆಗೆ ನಾಲಿಗೆಯಲ್ಲಿ ಸಣ್ಣ ಸೀಳು ಕೊರೆದು 1884ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಲೂಯಿಸ್ ವಾಟರ್‌ಮನ್. ವಿಮೆ ಪತ್ರದ ಮೇಲೆ ಇಂಕು ಚೆಲ್ಲಿ ಗಿರಾಕಿ ಕೈತಪ್ಪಿದ್ದಕ್ಕೆ ಅವರು ಇದನ್ನು ಕಂಡುಹಿಡಿದರು ಅಂತಾರೆ. ನನಗೇನೋ ಅದು ಪ್ರಚಾರಕ್ಕೆ ಹೆಣೆದ ಕಥೆ ಅನ್ನಿಸುತ್ತದೆ. ಇನ್ನು ಬಣ್ಣ ಅಗ್ಗವಾದದ್ದಕ್ಕೆ 1856ಕ್ಕೆ ಹೋಗಬೇಕು. ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾ ಮದ್ದಾದ ಕ್ವಿನೈನ್ ಮಾಡಲು ಹೊರಟು ನೇರಳೆ ಬಣ್ಣ ಮಾಡಿಬಿಟ್ಟ. ಅಲ್ಲಿಂದ ಕಲ್ಲಿದ್ದಲಿನ ಟಾರಿನಿಂದ ಬಗೆಬಗೆಯ ಬಣ್ಣಗಳು ಬಂದವು, ನೀಲಿಯೂ ಬಂತು. ಅದಕ್ಕೂ ಮೊದಲಿನ ಕಬ್ಬಿಣದ ಶಾಯಿ ಆಮ್ಲೀಯ, ಉಕ್ಕಿನ ನಿಬ್ಬನ್ನು ತಿನ್ನುತ್ತಿತ್ತು. ಪೆನ್ನು ಹಾಳಾಗುವ ಭಯ ಬಹುಶಃ ಆ ಕಾಲದ ಪಳೆಯುಳಿಕೆ.

ಇವತ್ತಿನ ಸಾಮಾನ್ಯ ನೀಲಿ ಇಂಕಿನಲ್ಲಿ ಬಹುಪಾಲು ನೀರು. ಜೊತೆಗೆ ನೀರಿನಲ್ಲಿ ಕರಗುವ ಬಣ್ಣ, ಬೂಷ್ಟು ತಡೆಯುವ ಮದ್ದು, ಬೇಗ ಒಣಗದಂತೆ ಗ್ಲಿಸರಿನ್‌ನಂಥದ್ದು, ಆಗಲೇ ಹೇಳಿದ ಸೋಪಿನ ಗುಣದ್ದು ಚೂರು, ಅಷ್ಟೇ. ಪೆನ್ನನ್ನು ನಿಜವಾಗಿ ಕೆಡಿಸುವುದು ಚಿತ್ರಕಾರರ ಇಂಡಿಯನ್ ಇಂಕು. ಅದರಲ್ಲಿ ಹೊಗೆಮಸಿಯ ಪುಡಿ ಇರುತ್ತದೆ, ಎಷ್ಟೋ ಸಲ ಅರಗೂ ಇರುತ್ತದೆ. ಒಳಗೆ ಒಣಗಿದರೆ ಮುಗಿಯಿತು, ನೀರಿಗೆ ಬಿಡುವುದಿಲ್ಲ. ಅದು ಎಷ್ಟು ದುಬಾರಿಯಾದರೂ ಅಷ್ಟೇ.

ನನ್ನ ಇಂಕಿನಲ್ಲಿ ಆ ಸೋಪಿನ ಗುಣ ಸಾಲದೇನೋ ಅನ್ನಿಸಿ, ಕೊನೆಗೆ ಒಂದು ಮುಚ್ಚಳದಷ್ಟು ಇಂಕು ಬೇರೆ ತೆಗೆದು, ಪಾತ್ರೆ ತೊಳೆಯುವ ಸೋಪನ್ನು ಸೂಜಿಮೊನೆಯಷ್ಟು ಬೆರೆಸಿ ಸಣ್ಣ ಪೆನ್ನಿಗೆ ತುಂಬಿದೆ. ಗೆರೆ ಕಡುನೀಲಿಯಾಯಿತು, ಮುಷ್ಕರ ನಿಂತಿತು. ಆದರೆ ನೋಟ್‌ಬುಕ್ಕಿನ ತೆಳು ಹಾಳೆಯಲ್ಲಿ ಪ್ರತಿ ಅಕ್ಷರಕ್ಕೂ ಜೇಡನ ಕಾಲು ಮೂಡಿದವು, ಹಿಂದಿನ ಪುಟದಲ್ಲೂ ಕಾಣಿಸಿದವು. ಕಾಗದದ ಸಂದುಗಳಿಗೂ ಈಗ ಇಂಕು ಹೀರುವುದು ಸಲೀಸು! ಪೆನ್ನು ತೊಳೆದಿಟ್ಟೆ. ಬಾಟಲಿಯಲ್ಲಿ ಉಳಿದದ್ದೆಲ್ಲ ದಪ್ಪ ನಿಬ್ಬಿನ ಪಾಲಿಗೆ.