ಲಿವರ್ ಸ್ಲೈಡಿನ ಕಂದು ಬಣ್ಣ: ಟಿಜಿಎಫ್-ಬೀಟಾವನ್ನು ಓದುವುದು ಹೇಗೆ?

ಟಿಜಿಎಫ್-ಬೀಟಾ ಒಂದು ಗ್ರೋತ್ ಫ್ಯಾಕ್ಟರ್, ಅಂದರೆ ಕೋಶಗಳಿಗೆ ಬೆಳೆಯಿರಿ, ನಿಲ್ಲಿಸಿ ಅಂತ ಸಂದೇಶ ಕೊಡುವ ಪ್ರೋಟೀನುಗಳಲ್ಲಿ ಒಂದು. ಅದಕ್ಕೆ ಅಂಟುವ ಆಂಟಿಬಾಡಿ ಹಾಕಿದಾಗ ಅದು ಇರುವ ಕಡೆ ಸ್ಲೈಡಿನಲ್ಲಿ ಕಂದು ಬಣ್ಣ ಬರುತ್ತದೆ. ಲಿವರ್ ಬಯಾಪ್ಸಿಯಲ್ಲಿ (ಪರೀಕ್ಷೆಗೆ ತೆಗೆದ ಲಿವರಿನ ಚೂರಿನಲ್ಲಿ) ಟಿಜಿಎಫ್-ಬೀಟಾ ಪಾಸಿಟಿವ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಪಕ್ಕದಲ್ಲಿ ಕ್ಯಾನ್ಸರ್ ಅಂತ ಬರೆದುಕೊಳ್ಳುತ್ತೇವೆ. ಅದು ತಪ್ಪು. ಕಂದು ಬಣ್ಣ ಯಾವ ಕೋಶದಲ್ಲಿ ಬಂತು, ರೋಗದ ಯಾವ ಹಂತದಲ್ಲಿ ಬಂತು ಅಂತ ನೋಡದೆ ಅದಕ್ಕೆ ಅರ್ಥ ಹೇಳಲು ಆಗುವುದಿಲ್ಲ.

ಮೊದಲು ಆರೋಗ್ಯವಾದ ಲಿವರ್ ನೋಡೋಣ. ಇಲಿಯ ಲಿವರಿನಲ್ಲಿ ಮೂರರಲ್ಲಿ ಎರಡು ಭಾಗ ಕತ್ತರಿಸಿದರೂ ಒಂದೆರಡು ವಾರದೊಳಗೆ ಹೆಚ್ಚುಕಡಿಮೆ ಹಳೆಯ ತೂಕಕ್ಕೆ ಬರುತ್ತದೆ. ಹಿಗಿನ್ಸ್ ಮತ್ತು ಆಂಡರ್ಸನ್ 1931ರಲ್ಲಿ ವಿವರಿಸಿದ ಪ್ರಯೋಗ ಇದು. ಕೋಶಗಳಿಗೆ ಬೆಳೆಯಿರಿ ಎನ್ನುವುದು ಎಚ್‌ಜಿಎಫ್ ಮತ್ತು ಟಿಜಿಎಫ್-ಆಲ್ಫಾ ಎಂಬ ಗ್ರೋತ್ ಫ್ಯಾಕ್ಟರುಗಳು, ಸಾಕು ನಿಲ್ಲಿಸಿ ಎನ್ನುವುದು ಟಿಜಿಎಫ್-ಬೀಟಾ. ಹೆಸರು ನೋಡಿ ಆಲ್ಫಾ, ಬೀಟಾ ಅಣ್ಣತಮ್ಮ ಅಂದುಕೊಳ್ಳಬೇಡಿ. ಆಲ್ಫಾ ಇಜಿಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರಿನ ಮನೆತನದ್ದು, ಬೀಟಾದ ರಿಸೆಪ್ಟರೇ (ಸಂದೇಶ ಹಿಡಿಯುವ ಕೋಶದ ಪ್ರೋಟೀನೇ) ಬೇರೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಇಲ್ಲೇ.

ಈಗ ಹೆಪಟೈಟಿಸ್ ಬಿ, ಸಿ ಅಥವಾ ಕುಡಿತದಿಂದ ವರ್ಷಗಟ್ಟಲೆ ಗಾಯವಾಗುತ್ತಲೇ ಇರುವ ಲಿವರ್. ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ನೆ ಕೂತಿದ್ದ ಸ್ಟೆಲ್ಲೇಟ್ ಕೋಶಗಳು ಎಚ್ಚರಗೊಳ್ಳುತ್ತವೆ. ಪಿಡಿಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ಅವುಗಳ ಸಂಖ್ಯೆ ಹೆಚ್ಚಿಸುತ್ತದೆ, ಟಿಜಿಎಫ್-ಬೀಟಾ ಅವುಗಳಿಂದ ಕೊಲಾಜನ್ ಎಂಬ ನಾರಿನ ಪ್ರೋಟೀನ್ ಮಾಡಿಸುತ್ತದೆ. ಹಾಗಾಗಿ ನಾರಿನ ಪಟ್ಟಿಗಳ ಉದ್ದಕ್ಕೂ ಬಣ್ಣ ಕಂಡರೆ ಅಲ್ಲಿ ಗಾಯದ ಕಲೆ ಕಟ್ಟುತ್ತಿದೆ ಅಂತ ಓದಬೇಕು. ಅದೇ ಮುಂದುವರಿದರೆ ಸಿರೋಸಿಸ್, ಅಂದರೆ ಲಿವರ್ ತುಂಬ ಕಲೆಗಟ್ಟಿ ಗಟ್ಟಿಯಾಗುವುದು.

ಕ್ಯಾನ್ಸರಿನಲ್ಲಿ ಕಥೆ ತಿರುಗುತ್ತದೆ. ಶುರುವಿನಲ್ಲಿ ಬೀಟಾ ಬ್ರೇಕ್ ಹಾಕುತ್ತದೆ, ಕೆಟ್ಟ ಕೋಶಗಳನ್ನು ಸಾಯಿಸುತ್ತದೆ ಕೂಡ. ಆಮೇಲೆ ಗಡ್ಡೆಯ ಕೋಶಗಳು ಬ್ರೇಕಿಗೆ ಕಿವಿಗೊಡುವುದನ್ನು ಬಿಟ್ಟು, ಅದೇ ಸಂದೇಶದಿಂದ ಹರಡುವುದನ್ನು ಕಲಿಯುತ್ತವೆ, ಸುತ್ತಲಿನ ರೋಗನಿರೋಧಕ ಕೋಶಗಳೂ ತಣ್ಣಗಾಗುತ್ತವೆ. ಬಣ್ಣ ಒಂದೇ, ಅರ್ಥ ಪೂರ್ತಿ ಉಲ್ಟಾ, ಅಲ್ವಾ? ಇನ್ನೊಂದು ತೊಡಕೂ ಇದೆ. ಕೋಶದಿಂದ ಹೊರಬರುವಾಗ ಬೀಟಾ ಬೀಗ ಹಾಕಿದ ರೂಪದಲ್ಲಿರುತ್ತದೆ, ಕೆಲವು ಆಂಟಿಬಾಡಿಗಳು ಆ ರೂಪವನ್ನೂ ಹಿಡಿಯುತ್ತವೆ. ಅದು ನಿಜವಾಗಿ ಕೆಲಸ ಮಾಡುತ್ತಿದೆಯೇ ಅಂತ ತಿಳಿಯಲು ನ್ಯೂಕ್ಲಿಯಸ್ಸಿನಲ್ಲಿ ಫಾಸ್ಫೇಟ್ ಅಂಟಿದ ಸ್ಮ್ಯಾಡ್-2 (ಬೀಟಾದ ಸಂದೇಶವನ್ನು ಕೋಶದೊಳಗೆ ಒಯ್ಯುವ ಪ್ರೋಟೀನ್) ಹುಡುಕುವುದು ಒಳ್ಳೆಯದು.

ಇನ್ನು ಲಿವರಿನ ಬೇರೆ ಗ್ರೋತ್ ಫ್ಯಾಕ್ಟರುಗಳು. ವಿಇಜಿಎಫ್ ಗಡ್ಡೆಗೆ ರಕ್ತನಾಳ ಕಟ್ಟಿಸುತ್ತದೆ. ಅದರ ರಿಸೆಪ್ಟರನ್ನು ತಡೆಯುವ ಔಷಧಿ ಸೊರಾಫೆನಿಬ್‌ಗೆ ಅಮೆರಿಕದಲ್ಲಿ ಲಿವರ್ ಕ್ಯಾನ್ಸರಿಗಾಗಿ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಐಜಿಎಫ್-2 ಭ್ರೂಣದ ಲಿವರಿನಲ್ಲಿ ಜಾಸ್ತಿ, ಕೆಲವು ಗಡ್ಡೆಗಳಲ್ಲಿ ಮತ್ತೆ ತಲೆ ಎತ್ತುತ್ತದೆ.

ಎಚ್‌ಜಿಎಫ್ ವಿಷಯ ಮಾತ್ರ ಸ್ವಲ್ಪ ನಿಂತು ಓದಿ. ಅದನ್ನು ಮುಖ್ಯವಾಗಿ ತಯಾರಿಸುವುದು ಸ್ಟೆಲ್ಲೇಟ್ ಕೋಶ, ಅದನ್ನು ಹಿಡಿಯುವ ಮೆಟ್ ರಿಸೆಪ್ಟರ್ ಇರುವುದು ಹೆಪಟೋಸೈಟಿನ (ಲಿವರಿನ ಮುಖ್ಯ ಕೋಶದ) ಮೇಲೆ. ಮೆಟ್ ಬಣ್ಣ ಗಾಢವಾಗಿರುವ ಲಿವರ್ ಕ್ಯಾನ್ಸರ್ ರೋಗಿಗಳನ್ನೇ ಆರಿಸಿ, ಮೆಟ್ ತಡೆಯುತ್ತದೆ ಅಂದುಕೊಂಡಿದ್ದ ಟಿವಾಂಟಿನಿಬ್ ಎಂಬ ಔಷಧಿ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಮೂರನೇ ಹಂತದ ಪರೀಕ್ಷೆಯಲ್ಲಿ ಆಯುಷ್ಯ ಹೆಚ್ಚಲಿಲ್ಲ. ಆ ಔಷಧಿ ಕೋಶ ವಿಭಜನೆಯನ್ನು ಬೇರೆ ದಾರಿಯಲ್ಲಿ ತಡೆಯುತ್ತದೆ ಅಂತ ಪ್ರಯೋಗಾಲಯದಲ್ಲಿ ಮೊದಲೇ ಕಂಡಿತ್ತು, ಹಾಗಾಗಿ ಮೆಟ್ ಬಣ್ಣವನ್ನು ಪೂರ್ತಿ ದೂರುವುದೂ ಸರಿಯಲ್ಲ.

ಸಣ್ಣ ಗಂಟು ಕ್ಯಾನ್ಸರ್ ಹೌದೇ ಅಲ್ಲವೇ ಎಂಬ ಅನುಮಾನ ಬಂದಾಗ ಪೆಥಾಲಜಿಸ್ಟರು ನೋಡುವುದು ಗ್ಲಿಪಿಕಾನ್-3, ಎಚ್‌ಎಸ್‌ಪಿ-70, ಗ್ಲುಟಮೀನ್ ಸಿಂಥೆಟೇಸ್, ಈ ಮೂರು ಪ್ರೋಟೀನುಗಳನ್ನು. ಇವುಗಳಲ್ಲಿ ಒಂದೂ ಗ್ರೋತ್ ಫ್ಯಾಕ್ಟರ್ ಅಲ್ಲ.