ಸ್ಲೈಸ್‌ನ ಮೂರನೇ ಸಂಖ್ಯೆ ಎಲ್ಲಿಂದ ಬಂತು?

ಅರೇಯಲ್ಲಿ, ಅಂದರೆ ಸಾಲಾಗಿ ಜೋಡಿಸಿಟ್ಟ ಅಂಶಗಳಲ್ಲಿ, ಎರಡನೆಯದರಿಂದ ಎಂಟನೆಯದರವರೆಗೆ ಕೊಡು ಅಂತ ಕೇಳಿದರೆ ಇವತ್ತಿನ ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳು ತಕರಾರಿಲ್ಲದೆ ಕೊಡುತ್ತವೆ. ಹೀಗೆ ಕತ್ತರಿಸಿ ತೆಗೆದ ತುಂಡೇ ಸ್ಲೈಸ್. ಅದನ್ನೇ ‘ಒಂದು ಬಿಟ್ಟು ಒಂದು ಕೊಡು’ ಅಂತ ಕೇಳಿ ನೋಡಿ. ಒಂದು ಭಾಷೆ ತಕ್ಷಣ ಕೊಡುತ್ತದೆ, ಇನ್ನೊಂದು ಲೂಪ್ ಬರೆದುಕೋ ಅನ್ನುತ್ತದೆ, ಮತ್ತೊಂದು ಅದೇ ಬರಹಕ್ಕೆ ಬೇರೆಯೇ ಅರ್ಥ ಹೇಳುತ್ತದೆ. ಕೇಳಿದ್ದು ಇಷ್ಟೇ ಅಲ್ವಾ, ಇದರಲ್ಲೇನು ಕಷ್ಟ?

ಪ್ರತಿ ಸಲ ಎಷ್ಟು ಮುಂದೆ ಹೋಗಬೇಕು ಅನ್ನುವುದೇ ಸ್ಟೆಪ್, ಅಂದರೆ ಹೆಜ್ಜೆ. ಎಣಿಕೆಯಲ್ಲಿ ಅದು ಬಹಳ ಹಳೆಯದು. 1957ರ ಫೋರ್ಟ್ರಾನ್‌ನ ಡೂ ಲೂಪ್‌ನಲ್ಲೇ ಶುರು, ಕೊನೆ, ಹೆಜ್ಜೆ ಅಂತ ಮೂರು ಸಂಖ್ಯೆ ಬರೆಯಬಹುದಿತ್ತು. ಆಲ್ಗಾಲ್ 60 ಕೂಡ ‘ಸ್ಟೆಪ್’ ಅನ್ನುವ ಪದವನ್ನೇ ಇಟ್ಟುಕೊಂಡಿತು. ಆದರೆ ಅಲ್ಲಿ ಹೆಜ್ಜೆ ಹಾಕುತ್ತಿದ್ದದ್ದು ಎಣಿಸುವ ಸಂಖ್ಯೆ ಮಾತ್ರ, ಅರೇ ಅಲ್ಲ. ಅರೇಯನ್ನೇ (1:9:2) ಅಂತ ಕತ್ತರಿಸುವ ಬರಹ ಫೋರ್ಟ್ರಾನ್‌ನ ಸ್ಟ್ಯಾಂಡರ್ಡ್‌ಗೆ ಬಂದದ್ದು ಫೋರ್ಟ್ರಾನ್ 90ರಲ್ಲಿ.

ಮ್ಯಾಟ್‌ಲ್ಯಾಬ್ ಹೆಜ್ಜೆಯನ್ನು ಮಧ್ಯದಲ್ಲಿ ಇಟ್ಟಿತು. 1:2:9 ಅಂದರೆ ಅಲ್ಲಿ 1, 3, 5, 7, 9. ಜೂಲಿಯಾ ಕೂಡ ಇದೇ ದಾರಿ ಹಿಡಿದಿದೆ. ಅದೇ ಅಭ್ಯಾಸದಲ್ಲಿ ಪೈಥಾನ್‌ನಲ್ಲಿ [1:2:9] ಬರೆದರೆ ಸಿಗುವುದು ಒಂದೇ ಒಂದು ಅಂಶ. 1ರಿಂದ ಶುರು, 2ರ ಮೊದಲೇ ಕೊನೆ, ಹೆಜ್ಜೆ 9 ಅಂತ ಅದು ಓದಿಕೊಳ್ಳುತ್ತದೆ (ಪೈಥಾನ್‌ನಲ್ಲಿ ಸ್ಥಾನಗಳ ಎಣಿಕೆ 0ಯಿಂದ ಶುರು). ಎರರ್ ಕೂಡ ಬರುವುದಿಲ್ಲ. ಸುಮ್ನೆ ತಪ್ಪು ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಇಂಥ ತಪ್ಪು ಹುಡುಕುವುದೇ ಜಾಸ್ತಿ ಕಷ್ಟ.

ಪೈಥಾನ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ಲೈಸ್‌ನಲ್ಲಿ ಮೂರನೇ ಸಂಖ್ಯೆ ಬರೆಯಲು ಅವಕಾಶ ಬಂದದ್ದು 1.4ನೇ ಆವೃತ್ತಿಯಲ್ಲಿ, 1996ರಲ್ಲಿ. ಕೇಳಿದವರು ನ್ಯೂಮೆರಿಕಲ್ ಪೈಥಾನ್ ಅನ್ನುವ, ಸಂಖ್ಯೆಗಳ ಲೆಕ್ಕಕ್ಕಾಗಿನ ಲೈಬ್ರರಿ ಕಟ್ಟುತ್ತಿದ್ದವರು. ಆದರೆ ಪೈಥಾನ್‌ನ ಸ್ವಂತ ಲಿಸ್ಟ್, ಟಪಲ್, ಸ್ಟ್ರಿಂಗ್‌ಗಳಿಗೆ ಆ ಬರಹ ಗೊತ್ತೇ ಇರಲಿಲ್ಲ. ಬರೆದರೆ ಟೈಪ್‌ಎರರ್. 2003ರಲ್ಲಿ 2.3 ಬಂದಾಗ, ಮೈಕೆಲ್ ಹಡ್ಸನ್ ಅವರ ಪ್ಯಾಚ್‌ನಿಂದ ಈ ಕೊರತೆ ನೀಗಿತು. ಹಿಂದುಮುಂದಾಗಿ ಕೊಡು ಅನ್ನಲು ಇವತ್ತು ಎಲ್ಲರೂ ಬಳಸುವ [::-1] ಲಿಸ್ಟ್‌ಗೆ ದಕ್ಕಿದ್ದು ಹೀಗೆ, ಏಳು ವರ್ಷ ಕಾದ ಮೇಲೆ.

ನ್ಯೂಮೆರಿಕಲ್ ಪೈಥಾನ್‌ನವರಿಗೇ ಇದು ಮೊದಲು ಯಾಕೆ ಬೇಕಾಯಿತು? ಉತ್ತರ ಮೆಮೊರಿಯಲ್ಲಿದೆ. ಆ ಲೈಬ್ರರಿಯ ಮುಂದಿನ ಪೀಳಿಗೆಯಾದ ಇವತ್ತಿನ ನಮ್‌ಪೈಯ ಅರೇಯನ್ನೇ ತೆಗೆದುಕೊಳ್ಳಿ. ಡೇಟಾ ಎಲ್ಲಿ ಶುರುವಾಗುತ್ತದೆ, ಎಷ್ಟು ಅಂಶಗಳಿವೆ ಅನ್ನುವುದರ ಜೊತೆಗೆ, ಒಂದರಿಂದ ಮುಂದಿನದಕ್ಕೆ ಎಷ್ಟು ಬೈಟ್ ದಾಟಬೇಕು ಅನ್ನುವುದನ್ನೂ ಅದು ಬರೆದಿಟ್ಟುಕೊಂಡಿರುತ್ತದೆ. ಇದಕ್ಕೆ ಸ್ಟ್ರೈಡ್ ಅನ್ನುತ್ತಾರೆ. 64 ಬಿಟ್ ಸಂಖ್ಯೆಗಳಾದರೆ ಸ್ಟ್ರೈಡ್ 8. [::2] ಅಂದರೆ ಅದನ್ನು 16 ಮಾಡಿದರಾಯಿತು. [::-1] ಅಂದರೆ ಕೊನೆಯ ಅಂಶದ ಮೇಲೆ ನಿಂತು ಸ್ಟ್ರೈಡ್ ಅನ್ನು -8 ಮಾಡಿದರಾಯಿತು. ಲಕ್ಷಗಟ್ಟಲೆ ಸಂಖ್ಯೆಗಳಿದ್ದರೂ ಒಂದನ್ನೂ ಕಾಪಿ ಮಾಡಬೇಕಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ಚೆಂದ ಅನ್ನಿಸುವುದು ಇದೇ.

ಗೋ ಮತ್ತು ರಸ್ಟ್‌ನ ಸ್ಲೈಸ್‌ಗಳಲ್ಲಿ ಈ ಸ್ಟ್ರೈಡ್‌ಗೆ ಜಾಗ ಇಲ್ಲ. ರಸ್ಟ್‌ನ ಸ್ಲೈಸ್ ಅಂದರೆ ಒಂದು ಪಾಯಿಂಟರ್ (ಡೇಟಾ ಶುರುವಾಗುವ ಜಾಗದ ವಿಳಾಸ), ಒಂದು ಉದ್ದ. ಗೋದಲ್ಲಿ ಅದರ ಜೊತೆ ಕೆಪ್ಯಾಸಿಟಿಯೂ, ಅಂದರೆ ಎಷ್ಟರವರೆಗೆ ಬೆಳೆಯಬಹುದು ಅನ್ನುವುದೂ, ಇದೆ. ಅಂಶಗಳು ಒಂದರ ಪಕ್ಕ ಒಂದು ಕೂತಿರುತ್ತವೆ ಅನ್ನುವ ನಂಬಿಕೆಯ ಮೇಲೇ ಎರಡೂ ನಿಂತಿವೆ. ಹೆಜ್ಜೆ ಸೇರಿಸಬೇಕಂದರೆ ಒಂದೋ ಕಾಪಿ ಮಾಡಬೇಕು, ಇಲ್ಲವೇ ಸ್ಲೈಸ್‌ನ ರೂಪವನ್ನೇ ಬದಲಿಸಬೇಕು. ರಸ್ಟ್ ಎರಡೂ ಬೇಡವೆಂದು ಹೆಜ್ಜೆಯನ್ನು ಇಟರೇಟರ್‌ಗೆ, ಅಂದರೆ ಅಂಶಗಳನ್ನು ಒಂದೊಂದಾಗಿ ಕೊಡುತ್ತಾ ಹೋಗುವ ವಸ್ತುವಿಗೆ, ಕೊಟ್ಟಿತು. 2018ರ 1.28ರಲ್ಲಿ ‘ಸ್ಟೆಪ್_ಬೈ’ ಸ್ಥಿರವಾಯಿತು. ಗೋ 2013ರಲ್ಲಿ, 1.2ನೇ ಆವೃತ್ತಿಯಲ್ಲಿ, ಮೂರನೇ ಸಂಖ್ಯೆಯನ್ನೇನೋ ತಂದಿತು. ಆದರೆ [2:4:6]ರಲ್ಲಿ ಆ 6 ಹೆಜ್ಜೆಯಲ್ಲ. ಹೊಸ ಸ್ಲೈಸ್ ಎಲ್ಲಿಯವರೆಗೆ ಬೆಳೆಯಬಹುದು ಅನ್ನುವ ಗಡಿ ಅದು. ಪೈಥಾನ್‌ನಿಂದ ಬಂದವರು ಇಲ್ಲಿ ಒಂದು ಕ್ಷಣ ನಿಲ್ಲಲೇಬೇಕು.

ರೂಬಿ ಬೇರೆ ದಾರಿ ಹುಡುಕಿತು. 2018ರ 2.6ರಲ್ಲಿ ರೇಂಜ್‌ಗೆ ಹೆಜ್ಜೆ ಕೊಟ್ಟರೆ ಅದೊಂದು ಪ್ರತ್ಯೇಕ ವಸ್ತುವಾಗಿ ಸಿಗುವಂತಾಯಿತು. 2020ರ 3.0ರಲ್ಲಿ ಅದೇ ವಸ್ತುವನ್ನು ಅರೇಯ ಚೌಕ ಬ್ರಾಕೆಟ್ ಒಳಗೆ ಹಾಕಬಹುದಾಯಿತು. [(1..) % 2] ಅಂದರೆ 1ನೇ ಸ್ಥಾನದಿಂದ ಒಂದು ಬಿಟ್ಟು ಒಂದು. ಹೊಸ ವಿರಾಮಚಿಹ್ನೆ ಬೇಕಾಗಲಿಲ್ಲ. ಕೋಟ್ಲಿನ್‌ನ ‘0..8 ಸ್ಟೆಪ್ 2’ ಕೂಡ ಇದೇ ಜಾತಿಯದು. ಓದಿದ ಕೂಡಲೇ ಅರ್ಥವಾಗುವುದರಿಂದ ನನ್ನ ಒಲವು ಈ ಕಡೆಗೇ.

ಹಿಂದಕ್ಕೆ ನಡೆಯುವ ಹೆಜ್ಜೆಯ ತೊಡಕು ಮಾತ್ರ ಪೈಥಾನ್‌ನಲ್ಲಿ ಇನ್ನೂ ಉಳಿದಿದೆ. [10, 20, 30, 40, 50] ಅನ್ನುವ ಲಿಸ್ಟ್‌ನಲ್ಲಿ 40ರಿಂದ ಹಿಂದಕ್ಕೆ 10ರವರೆಗೆ ಬೇಕು. ಕೊನೆಯ ಸಂಖ್ಯೆ ಸೇರುವುದಿಲ್ಲವಾದ್ದರಿಂದ 0ಗಿಂತ ಒಂದು ಹಿಂದೆ, ಅಂದರೆ -1 ಹಾಕೋಣ ಅನ್ನಿಸುತ್ತದೆ. [3:-1:-1] ಬರೆದರೆ ಸಿಗುವುದು ಖಾಲಿ ಲಿಸ್ಟ್. ಯಾಕಂದರೆ ಪೈಥಾನ್‌ಗೆ -1 ಅಂದರೆ ಕೊನೆಯ ಅಂಶ, ಅಂದರೆ 50 ಇರುವ ಜಾಗ. 3ರಿಂದ ಹಿಂದಕ್ಕೆ ಹೊರಟವರಿಗೆ ಆ ಜಾಗ ಸಿಗುವುದೇ ಇಲ್ಲ. ಕೊನೆಯನ್ನು ಖಾಲಿ ಬಿಟ್ಟು [3::-1] ಅಂತಲೇ ಬರೆಯಬೇಕು. ಜೂಲಿಯಾದಲ್ಲಿ ಎಣಿಕೆ 1ರಿಂದ ಶುರು, ಕೊನೆಯ ಸಂಖ್ಯೆಯೂ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ [4:-1:1] ಬರೆದರೆ ಮುಗಿಯಿತು.