ಸಾರಿಗೆ ಉಪ್ಪು ಸಾಲದು: ಸ್ಪ್ಯಾನಿಷ್ ಕಲಿಯುವ ಕನ್ನಡಿಗರ ಗಮನಕ್ಕೆ

ಮೂವತ್ತು, ನಲವತ್ತು ದಾಟಿದ ಮೇಲೆ ಸ್ಪ್ಯಾನಿಷ್ ಕಲಿಯಲು ಬರುವ ಕನ್ನಡಿಗರ ಬಾಯಲ್ಲಿ ಎರಡನೇ ವಾರಕ್ಕೆಲ್ಲ ತಪ್ಪದೆ ಬರುವ ವಾಕ್ಯ ಒಂದಿದೆ: ‘ಯೊ ಗುಸ್ತೊ ಕಫೇ’. ನನಗೆ ಕಾಫಿ ಇಷ್ಟ ಅಂದೆ ಎಂದು ಅವರ ಲೆಕ್ಕ. ಕೇಳುವ ಸ್ಪ್ಯಾನಿಷರ ಕಿವಿಗೆ ಬೀಳುವುದು ‘ನಾನು ಹಿಡಿಸುತ್ತೇನೆ, ಕಾಫಿ’ ಎಂಬಂಥ ಮಾತು. ಕಲಿಸುವ ನಾವು ತಿದ್ದುತ್ತೇವೆ, ಅವರು ಬರೆದುಕೊಳ್ಳುತ್ತಾರೆ, ಮುಂದಿನ ವಾರ ಮತ್ತೆ ಅದೇ.

ತಪ್ಪು ಮಾಡಿದ್ದಕ್ಕೆ ಬೇಸರವಿಲ್ಲ. ಇಂಗ್ಲಿಷ್ ಮನೆಮಾತಿನವರು ಹೀಗೆ ಎಡವಿದರೆ ಅರ್ಥವಾಗುತ್ತದೆ, ಅವರ ಭಾಷೆಯಲ್ಲಿ ಇಷ್ಟಪಡುವವನೇ ವಾಕ್ಯದ ಯಜಮಾನ. ಆದರೆ ಬೆಳಗಿನಿಂದ ರಾತ್ರಿವರೆಗೆ ‘ನನಗೆ ಹಿಡಿಸಲಿಲ್ಲ’, ‘ನಂಗೆ ತಲೆನೋವು’ ಎನ್ನುವ ಜನ ಸ್ಪ್ಯಾನಿಷ್ ಪುಸ್ತಕ ತೆರೆದ ತಕ್ಷಣ ಕನ್ನಡವನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು, ಇಂಗ್ಲಿಷಿನ ಕೈ ಹಿಡಿದು ಒಳಗೆ ಬರುತ್ತಾರಲ್ಲ, ಅದಕ್ಕೆ ಬೇಸರ.

‘ಹಿಡಿಸು’ ಎಂಬ ನಮ್ಮ ಕ್ರಿಯಾಪದವನ್ನೇ ನೋಡಿ. ನನಗೆ ಕಾಫಿ ಹಿಡಿಸುತ್ತದೆ. ನನಗೆ ಮಾವಿನಹಣ್ಣುಗಳು ಹಿಡಿಸುತ್ತವೆ. ‘-ತ್ತದೆ’ಯೋ ‘-ತ್ತವೆ’ಯೋ ಎಂದು ನಿರ್ಧರಿಸುವುದು ನಾನಲ್ಲ, ಹಿಡಿಸುವ ವಸ್ತು. ಸ್ಪ್ಯಾನಿಷಿನ ‘ಗುಸ್ತಾರ್’ ನಡೆಯುವುದೂ ಹೀಗೆಯೇ. ‘ಮೆ ಗುಸ್ತಾ ಎಲ್ ಕಫೇ’, ಕಾಫಿ ಒಂದು, ಆದ್ದರಿಂದ ‘ಗುಸ್ತಾ’. ‘ಮೆ ಗುಸ್ತಾನ್ ಲೋಸ್ ಮಾಂಗೊಸ್’, ಮಾವು ಹಲವು, ಆದ್ದರಿಂದ ‘ಗುಸ್ತಾನ್’. ‘ಮೆ’ ಎಂದರೆ ‘ನನಗೆ’. ಹಾಡುವುದು, ಕುಣಿಯುವುದು ಎರಡೂ ಇಷ್ಟ ಎನ್ನಬೇಕಾದರೆ ಮಾತ್ರ ಏಕವಚನವೇ: ‘ಮೆ ಗುಸ್ತಾ ಕಂತಾರ್ ಇ ಬೈಲಾರ್’. ವಸ್ತುವಿನ ಹೆಸರಿನ ಮುಂದೆ ನಿಲ್ಲುವ, ಇಂಗ್ಲಿಷಿನ ‘ದ’ (the) ಥರದ ‘ಎಲ್’, ‘ಲಾ’, ‘ಲೋಸ್’ ಬಿಡುವ ಹಾಗಿಲ್ಲ. ಕನ್ನಡದಲ್ಲಿ ಅಂಥದ್ದಿಲ್ಲದ ಕಾರಣ ಇದು ಬಿಟ್ಟುಹೋಗುತ್ತದೆ, ಅದಕ್ಕೆ ಕ್ಷಮೆ ಇದೆ.

ನಮ್ಮ ‘-ಗೆ’ ಪದದ ಬಾಲ, ಅವರ ‘ಆ’ ಪದದ ಮುಂದೆ ನಿಲ್ಲುವ ಕಾವಲುಗಾರ. ನಮ್ಮಮ್ಮನಿಗೆ ಕಾಫಿ ಇಷ್ಟ: ‘ಆ ಮಿ ಮಾದ್ರೆ ಲೆ ಗುಸ್ತಾ ಎಲ್ ಕಫೇ’. ನಡುವಿನ ‘ಲೆ’ ಎಂದರೆ ‘ಅವರಿಗೆ’. ಅಮ್ಮನಿಗೆ ಎಂದ ಮೇಲೂ ಅವರಿಗೆ ಎಂದು ಇನ್ನೊಮ್ಮೆ ಹೇಳಲೇಬೇಕು. ಹತ್ತರಲ್ಲಿ ಎಂಟು ಜನ ಈ ‘ಲೆ’ಯನ್ನು ನುಂಗುತ್ತಾರೆ. ಒಮ್ಮೆ ಹೇಳಿದ್ದು ಸಾಲದೇ ಎಂದು ವಾದವನ್ನೂ ಮಾಡುತ್ತಾರೆ. ಸಾಲದು.

ಇದು ಒಂದೇ ಕ್ರಿಯಾಪದದ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ತಲೆ ನೋಯುತ್ತಿದೆ ಎನ್ನಲು ‘ಮೆ ದುಎಲೆ ಲಾ ಕಬೇಸಾ’, ಅಂದರೆ ನನಗೆ ತಲೆ ನೋಯುತ್ತದೆ. ‘ನನ್ನ’ ತಲೆ ಎಂದು ಹೇಳುವಂತಿಲ್ಲ, ಬೇರೆಯವರ ತಲೆ ನಮಗೆ ನೋಯುವುದು ಹೇಗೆ? ಅಂಗಡಿಯಲ್ಲಿ ಅಂಗಿ ಹಾಕಿ ನೋಡಿ ‘ಇದು ನನಗೆ ದೊಡ್ಡದಾಗುತ್ತೆ’ ಎನ್ನುತ್ತೀರಿ, ಅವರೂ ‘ಮೆ ಕೇದಾ ಗ್ರಾಂದೆ’ ಎನ್ನುತ್ತಾರೆ. ಬೀಗದ ಕೈ ತರಲು ಮರೆತುಹೋಯಿತು ಎನ್ನುವಾಗ ನಾವು ತಪ್ಪನ್ನು ಮೈಮೇಲೆ ಹಾಕಿಕೊಳ್ಳದೆ ಮರೆವಿನ ಮೇಲೆ ಹೊರಿಸುತ್ತೇವೆ. ಅವರ ‘ಸೆ ಮೆ ಒಲ್ಬಿದಾರೊನ್ ಲಾಸ್ ಯಾಬೆಸ್’ನಲ್ಲೂ ಅದೇ ಜಾಣತನ. ಎಲ್ಲಕ್ಕಿಂತ ಚೆಂದದ್ದು ಅಡುಗೆಮನೆಯದು. ‘ಆ ಲಾ ಸೋಪಾ ಲೆ ಫಾಲ್ತಾ ಸಾಲ್’ ಎಂಬುದನ್ನು ಇಂಗ್ಲಿಷಿಗೆ ತಂದು ಬಿಡಿಸುತ್ತ ಕೂತವರು ಬೆವರುತ್ತಾರೆ. ಕನ್ನಡದಲ್ಲಿ ಕೇಳಿಸಿಕೊಂಡರೆ ಬಿಡಿಸಲು ಏನೂ ಇಲ್ಲ: ಸಾರಿಗೆ ಉಪ್ಪು ಸಾಲದು. ಸಾರಿಗೂ ಒಂದು ‘-ಗೆ’!

ಇಲ್ಲಿ ಎಚ್ಚರಿಕೆ ಬೇಕು, ಏಕೆಂದರೆ ಕೀಲಿಕೈ ಸಿಕ್ಕಿತೆಂದು ಎಲ್ಲ ಬಾಗಿಲಿಗೂ ತೂರಿಸುವವರಿದ್ದಾರೆ. ಹಸಿವು, ಬಾಯಾರಿಕೆ, ಚಳಿ, ನಿದ್ದೆ, ಭಯ ಇವೆಲ್ಲ ಕನ್ನಡದಲ್ಲಿ ‘ನನಗೆ’ ಆಗುತ್ತವೆ, ಸ್ಪ್ಯಾನಿಷಿನಲ್ಲಿ ಇವು ನನ್ನ ಬಳಿ ಇರುತ್ತವೆ: ‘ತೆಂಗೊ ಆಂಬ್ರೆ’, ‘ತೆಂಗೊ ಸೆದ್’, ‘ತೆಂಗೊ ಫ್ರೀಯೊ’. ನನಗೆ ಗೊತ್ತು ಎಂಬುದು ‘ಸೇ’, ನನಗೆ ಬೇಕು ಎಂಬುದು ‘ಕ್ಯೇರೊ’, ಎರಡರಲ್ಲೂ ಕರ್ತೃ ನಾನೇ. ವಯಸ್ಸೂ ಹಾಗೆಯೇ, ‘ತೆಂಗೊ ತ್ರೇಯಿಂತಾ ಆಞೋಸ್’, ಮೂವತ್ತು ವರ್ಷ ನನ್ನ ಬಳಿ ಇವೆ. ಈ ‘ಆಞೋಸ್’ನಲ್ಲಿ ವರ್ಣಮಾಲೆ ಒಪ್ಪಿಸುವಾಗಷ್ಟೇ ನೆನಪಾಗುವ ನಮ್ಮ ‘ಞ’ ಕೊನೆಗೂ ಕೆಲಸಕ್ಕೆ ಬರುತ್ತದೆ. ಅದನ್ನು ‘ನ’ ಮಾಡಿದರೆ ವರ್ಷದ ಬದಲು ಸಭ್ಯರ ಮುಂದೆ ಹೆಸರಿಸಲಾಗದ ದೇಹಭಾಗ, ಅದೂ ಮೂವತ್ತು.

ಉಚ್ಚಾರಣೆಯಲ್ಲೂ ಇದೇ ಸುತ್ತುದಾರಿ. ಸ್ಪ್ಯಾನಿಷಿನ ‘ತ’, ‘ದ’ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವಂಥವು, ನಮ್ಮವೇ. ಇಂಗ್ಲಿಷಿನ ಅಕ್ಷರ ಕಂಡ ಕೂಡಲೇ ನಾಲಿಗೆ ಮೇಲಕ್ಕೆ ಮಡಚಿ ‘ಟಾಕೊ’ ಎನ್ನುತ್ತೇವೆ, ಅದು ‘ತಾಕೊ’. ಮೊದಲ ಹದಿನೈದು ದಿನ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ, ಒಪ್ಪದ ಶಿಕ್ಷಕರೂ ಇದ್ದಾರೆ. ಆಮೇಲೆ ನಿಲ್ಲಿಸಿ. ಗಂಟಲಿನಿಂದ ಕೆರೆದು ಬರುವ ಅವರ ‘ಹ’ಕಾರ, ‘ಪೆರೊ’ ಎಂದರೆ ‘ಆದರೆ’, ‘ಪೆರ್ರೊ’ ಎಂದರೆ ನಾಯಿ ಎಂಬ ವ್ಯತ್ಯಾಸ, ಎರಡು ಸ್ವರಗಳ ನಡುವೆ ಮೆತ್ತಗಾಗುವ ‘ದ’, ಇವು ನಮ್ಮ ಲಿಪಿಗೆ ಸಿಗುವುದಿಲ್ಲ. ಒತ್ತು ಎಲ್ಲಿ ಬೀಳುತ್ತದೆ ಎಂಬುದೂ ಅಷ್ಟೇ. ಮೊದಲಿಗೆ ಒತ್ತಿದರೆ ‘ಆಬ್ಲೊ’, ಮಾತಾಡುತ್ತೇನೆ. ಕೊನೆಗೆ ಒತ್ತಿದರೆ ‘ಆಬ್ಲೋ’, ಮಾತಾಡಿದ. ಸ್ವರ ಅಥವಾ ‘ನ್’, ‘ಸ್’ನಿಂದ ಮುಗಿಯುವ ಪದಕ್ಕೆ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಒತ್ತು, ಉಳಿದವಕ್ಕೆ ಕೊನೆಯದಕ್ಕೆ, ಈ ನಿಯಮ ಮುರಿದ ಕಡೆ ಸ್ವರದ ತಲೆಯ ಮೇಲೆ ಗೆರೆ ಇರುತ್ತದೆ. ಆ ಗೆರೆ ಅಲಂಕಾರಕ್ಕಲ್ಲ.

‘ಯೊ’ ಬಗ್ಗೆಯೂ ಒಂದು ಮಾತು. ‘ನಾನು’ ಅನ್ನದೆ ಬರೀ ‘ಬಂದೆ’, ‘ತಿಂದೆ’ ಅನ್ನುವ ನಾವು ಸ್ಪ್ಯಾನಿಷಿನಲ್ಲಿ ಪ್ರತಿ ವಾಕ್ಯಕ್ಕೂ ‘ಯೊ’ ಅಂಟಿಸುತ್ತೇವೆ. ಕ್ರಿಯಾಪದದ ಕೊನೆಯೇ ಯಾರೆಂದು ಹೇಳುತ್ತದೆ. ‘ನಾನೇ’ ಎಂದು ಒತ್ತಿ ಹೇಳುವಾಗ ಬಳಸಿ, ಸಾಕು.

ಅಭ್ಯಾಸಕ್ಕೆ ಒಂದು ನೋಟ್‌ಬುಕ್, ದಿನಕ್ಕೆ ಹತ್ತು ನಿಮಿಷ. ಎಡಗಡೆ ನೀವು ಆ ದಿನ ನಿಜವಾಗಿ ಆಡಿದ ಐದು ‘-ಗೆ’ ಮಾತುಗಳು, ಬಲಗಡೆ ಅವುಗಳ ಸ್ಪ್ಯಾನಿಷ್. ಪುಟದಲ್ಲಿ ಇಂಗ್ಲಿಷ್ ಕಾಣಬಾರದು. ಮೊದಲ ವಾರ ‘ಗುಸ್ತಾರ್’, ‘ದೊಲೇರ್’ (‘ದುಎಲೆ’ಯ ಮೂಲರೂಪ) ಎರಡೇ ಸಾಕು, ಎರಡನೇ ವಾರ ‘ಫಾಲ್ತಾರ್’, ‘ಕೆದಾರ್’, ಮೂರನೆಯದರಲ್ಲಿ ‘ಪಾರೆಸೇರ್’, ಅಂದರೆ ನಮ್ಮ ‘ಅನಿಸು’. ಆಮೇಲೆ ಎಡಗಡೆಯನ್ನೂ ಖಾಲಿ ಬಿಡಿ. ಯೋಚಿಸುವುದೇ ಇಂಗ್ಲಿಷಿನಲ್ಲಿ ಎನ್ನುವಷ್ಟು ಅದರಲ್ಲೇ ಓದಿ ಬೆಳೆದವರಿಗೆ ಈ ದಾರಿ ಅಷ್ಟಾಗಿ ಒಗ್ಗದಿರಬಹುದು.

ಇನ್ನು ಮನುಷ್ಯರ ವಿಷಯದಲ್ಲಿ ಜೋಪಾನ. ಎದುರಿಗಿರುವವರಿಗೆ ‘ಮೆ ಗುಸ್ತಾಸ್’ ಎಂದರೆ ‘ನೀನು ನನಗೆ ಹಿಡಿಸಿದ್ದೀಯ’ ಎಂದಾಗುತ್ತದೆ, ಅದರಲ್ಲಿ ಪ್ರೇಮದ ವಾಸನೆ ಇದೆ. ಹೊಸ ಮ್ಯಾನೇಜರ್ ಒಳ್ಳೆಯವರು, ನನಗೆ ಹೊಂದುತ್ತಾರೆ ಎಂದಷ್ಟೇ ಹೇಳಬೇಕಿದ್ದರೆ ‘ಮೆ ಕಾಯೆ ಬ್ಯೆನ್’ ಎನ್ನಿ. ಅಲ್ಲೂ ಶುರುವಾಗುವುದು ‘ನನಗೆ’ಯಿಂದಲೇ.